3 ಮತ್ತು 6 ವರ್ಷದ ಮಕ್ಕಳ ಜೊತೆ ಕವಲೇದುರ್ಗ: ಎಷ್ಟು ನಡೆಸಬಹುದು, ಇಂಬಳಕ್ಕೆ ಏನು ಮಾಡೋದು?

ಪುಟ್ಟಹೆಜ್ಜೆ:

ದಸರಾ ರಜೆಗೆ ಬೆಂಗಳೂರಿಂದ ತೀರ್ಥಹಳ್ಳಿ ಕಡೆ ಹೋಗೋ ಯೋಚನೆ ಇದೆ. ಮಗಳಿಗೆ 6, ಮಗನಿಗೆ 3. ಕವಲೇದುರ್ಗ ಕೋಟೆ ಮಕ್ಕಳಿಗೆ ಕಷ್ಟವಿಲ್ಲ ಅಂತ ಕೆಲವರು, ಅಕ್ಟೋಬರ್‌ನಲ್ಲಿ ಇಂಬಳ (ನೆಲದ ಜಿಗಣೆ) ಜಾಸ್ತಿ, ಮಕ್ಕಳನ್ನ ಕರ್ಕೊಂಡು ಹೋಗಬೇಡಿ ಅಂತ ಕೆಲವರು. ಗೊತ್ತಿರೋರು ಹೇಳಿ:

ಈ ವಯಸ್ಸಿನವರು ನಿಜವಾಗಿ ಎಷ್ಟು ದೂರ ನಡೀತಾರೆ? ಚಿಕ್ಕವನಿಗೆ ಬೆನ್ನಿಗೆ ಹಾಕೋ ಕ್ಯಾರಿಯರ್ ಬೇಕಾ? ಇಂಬಳಕ್ಕೆ ಮಕ್ಕಳ ಚರ್ಮಕ್ಕೆ ಏನು ಹಚ್ಚಬಹುದು? ಹೊರಡೋಕೆ ಇನ್ನೂ ಆರು ವಾರ ಇದೆ, ಅಷ್ಟರಲ್ಲಿ ಬೆಂಗಳೂರಲ್ಲೇ ಏನಾದ್ರೂ ಅಭ್ಯಾಸ ಮಾಡಿಸಬೇಕಾ?

ಕೋಟೆಕೊತ್ತಲ:

ಕಿಲೋಮೀಟರ್ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಿಡಿಯಿರಿ. ಮೂರು ವರ್ಷದ ಮಗು ಕಾಡುದಾರಿಯಲ್ಲಿ ಗಂಟೆಗೆ ಒಂದು ಕಿ.ಮೀ. ನಡೆದರೆ ದೊಡ್ಡದು. ಪ್ರತಿ ಬಸವನಹುಳದ ಮುಂದೆ ಕೂರುತ್ತೆ, ಮುಟ್ಟಿದರೆ ಮುನಿ ಸಿಕ್ಕರೆ ಆ ಪೊದೆಯ ಎಲೆಯೆಲ್ಲ ಮುಚ್ಚೋವರೆಗೂ ಏಳಲ್ಲ. ಇದಕ್ಕೇ ಸಮಯ ಇಟ್ಟುಕೊಳ್ಳಬೇಕು. ದಿನಕ್ಕೆ ಒಟ್ಟು ಒಂದೂವರೆಯಿಂದ ಎರಡು ಕಿ.ಮೀ. ಅವನ ಕಾಲಿಗೆ ಸಾಕು. ಆರು ವರ್ಷದವಳು ವಿರಾಮ ಕೊಟ್ಟರೆ ನಾಲ್ಕು ಕಿ.ಮೀ. ಆರಾಮಾಗಿ ನಡೀತಾಳೆ.

ಕವಲೇದುರ್ಗ ಈ ಲೆಕ್ಕಕ್ಕೆ ಸರಿಹೊಂದುತ್ತೆ. ಮೊದಲು ಗದ್ದೆ ಬದಿ, ಆಮೇಲೆ ಕೆಳದಿ ನಾಯಕರ ಕಾಲದ ಕಲ್ಲುಹಾಸಿನ ದಾರಿ. ಒಂದಾದ ಮೇಲೆ ಒಂದು ಹೆಬ್ಬಾಗಿಲು ಬರುತ್ತೆ, ಪ್ರತಿಯೊಂದರ ಪಕ್ಕದಲ್ಲೂ ಕಾವಲಿನವರ ಜಗಲಿ. ಮಕ್ಕಳಿಗೆ ಇದೇ ಅನುಕೂಲ: "ಬೆಟ್ಟದ ತುದಿ" ಅಂದರೆ ಅವರಿಗೆ ಏನೂ ಅರ್ಥವಾಗಲ್ಲ, "ಮುಂದಿನ ಬಾಗಿಲು" ಅಂದರೆ ಅರ್ಥವಾಗುತ್ತೆ. ಪ್ರತಿ ಬಾಗಿಲಲ್ಲೂ ಕೂತು ನೀರು, ಒಂದು ತುತ್ತು ತಿಂಡಿ, ಕಾಲಿನ ತಪಾಸಣೆ. ಮೇಲೆ ಕಾಶಿ ವಿಶ್ವನಾಥ ದೇವಸ್ಥಾನ, ಅರಮನೆಯ ತಳಪಾಯ, ಕಲ್ಲಿನ ಒಲೆ, ಕೊಳ ಎಲ್ಲ ಹತ್ತಿರ ಹತ್ತಿರ ಇವೆ. ಮಕ್ಕಳ ಜೊತೆ ಹೋಗಿ, ಸುತ್ತಿ, ಬರೋಕೆ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಅಪಾಯ ಇರೋದು ಮೂರು ಕಡೆ. ಒಂದು, ಮಳೆಯಲ್ಲಿ ಪಾಚಿ ಹಿಡಿದ ಕಲ್ಲುಹಾಸು. ಹತ್ತುವಾಗ ಗೊತ್ತಾಗಲ್ಲ, ಇಳಿಯುವಾಗಲೇ ಜಾರೋದು. ನಡುವಿನ ನುಣುಪು ಕಲ್ಲು ಬಿಟ್ಟು ಅಂಚಿನ ಹುಲ್ಲು-ಮಣ್ಣಿನ ಮೇಲೆ ಇಳಿಸಿ. ಎರಡು, ಕೊಳ. ಪಕ್ಕದಲ್ಲಿ ಕಟಾಂಜನ ಇಲ್ಲ, ಮೆಟ್ಟಿಲು ಸೀದಾ ನೀರಿಗೆ ಇಳಿಯುತ್ತೆ. ಅಲ್ಲಿ ಒಬ್ಬ ದೊಡ್ಡವರು ಒಂದು ಮಗುವಿನ ಕೈ ಹಿಡಿದೇ ಇರಬೇಕು, ಫೋಟೊ ತೆಗೆಯೋರು ಮೂರನೆಯವರು. ಮೂರು, ತೀರಾ ಮೇಲಿನ ಬಂಡೆ ಮತ್ತು ಅದರಾಚೆಯ ಪ್ರಪಾತ. ಒದ್ದೆಯಿದ್ದರೆ ಚಿಕ್ಕವನನ್ನ ಅಲ್ಲಿಗೆ ಒಯ್ಯಲೇಬೇಡಿ, ಒಬ್ಬರು ಅವನ ಜೊತೆ ದೇವಸ್ಥಾನದ ಹತ್ತಿರ ಉಳೀರಿ.

ಬೆಳಿಗ್ಗೆ 8ಕ್ಕೆ ಹತ್ತೋಕೆ ಶುರು ಮಾಡಿ, 12ಕ್ಕೆ ಕೆಳಗಿರಿ. ಹಸ್ತ, ಚಿತ್ತೆ ಮಳೆಗಳು ಬೆಳಿಗ್ಗೆ ಸುಮ್ಮನಿದ್ದು ಮಧ್ಯಾಹ್ನದ ಮೇಲೆ ಗುಡುಗು ಕಟ್ಟಿಕೊಂಡು ಬರೋ ಮಳೆಗಳು. ಮಿಂಚು ಕಂಡು ಗುಡುಗು ಕೇಳೋಕೆ 30 ಸೆಕೆಂಡಿಗಿಂತ ಕಡಿಮೆ ಆದರೆ ಬಯಲು ಬಂಡೆ, ಒಂಟಿ ಮರ ಎರಡನ್ನೂ ಬಿಟ್ಟು ಕೆಳಗಿಳೀರಿ. ಬೆಂಗಳೂರಿಂದ ಮುನ್ನೂರು ಕಿ.ಮೀ. ದಾಟಿ ಬಂದ ದಿನವೇ ಹತ್ತಿಸೋದೂ ಬೇಡ.

ಮಲೆನಾಡು_ಮಳೆ:

ಇಂಬಳದ ಬಗ್ಗೆ. ಅಕ್ಟೋಬರ್‌ನಲ್ಲಿ ಇದ್ದೇ ಇರುತ್ತೆ. ಮಳೆ ಬಿಟ್ಟು ನಾಲ್ಕೈದು ದಿನ ಬಿಸಿಲು ಬಿದ್ದರೆ ತುಂಬಾ ಕಡಿಮೆ, ಹಿಂದಿನ ರಾತ್ರಿ ಸುರಿದಿದ್ದರೆ ಜಾಸ್ತಿ. ತರಗೆಲೆ ಮತ್ತು ಹುಲ್ಲಿನ ಮೇಲೆ ಎದ್ದು ನಿಂತು, ನೆಲದ ಅದುರು, ಮೈಯ ಬಿಸಿ, ಉಸಿರು ಹಿಡಿದು ಬರುತ್ತೆ. ಮುಂದೆ ನಡೆಯೋರ ಹೆಜ್ಜೆಗೆ ಎಚ್ಚರಾಗಿ ಹಿಂದಿನವರಿಗೆ ಹತ್ತುತ್ತೆ, ಆದ್ದರಿಂದ ಮಕ್ಕಳನ್ನ ಸಾಲಿನ ಕೊನೆಗೆ ಹಾಕಬೇಡಿ. ಇಂಬಳವಿರೋ ತುಂಡಿನಲ್ಲಿ ನಿಲ್ಲಲೂ ಬೇಡಿ. ನಿಲ್ಲೋದಾದರೆ ಕಲ್ಲಿನ ಮೇಲೆ, ಬಿಸಿಲು ಬಿದ್ದ ಕಡೆ.

ಬಟ್ಟೆ: ಉದ್ದ ಪ್ಯಾಂಟ್, ಅದರ ಮೇಲೆ ಮಂಡಿವರೆಗಿನ ಕಾಲುಚೀಲ. ಪ್ಯಾಂಟಿನ ಅಂಚು ಚೀಲದ ಒಳಗೆ ಹೋಗಬೇಕು. ದೊಡ್ಡವರಿಗೆ ಒತ್ತಾಗಿ ನೇಯ್ದ ಬಟ್ಟೆಯ ಇಂಬಳದ ಚೀಲ ಸಿಗುತ್ತೆ, ಮೂರು ವರ್ಷದ ಅಳತೆಯದು ಸಿಗೋದು ಕಷ್ಟ. ಹೆಣಿಗೆಯ ಸಾಕ್ಸ್ ಎಳೆದಾಗ ತೂತು ಅಗಲವಾಗಿ ಸಣ್ಣ ಇಂಬಳ ಒಳಗೆ ನುಸುಳುತ್ತೆ. ಹಳೇ ಹತ್ತಿ ಪಂಚೆಯದೋ ದಿಂಬಿನ ಕವರಿನದೋ ಬಟ್ಟೆಯಲ್ಲಿ ಮಂಡಿವರೆಗೆ ಚೀಲ ಹೊಲಿದು, ಮೇಲೆ ಎಲಾಸ್ಟಿಕ್ ಹಾಕಿ, ಸಾಕ್ಸಿನ ಮೇಲೆ ತೊಡಿಸಿ ಶೂ ಹಾಕಿದರೆ ಆಯ್ತು. ತಿಳಿ ಬಣ್ಣ ಇರಲಿ, ಹತ್ತಿದ್ದು ಕಾಣುತ್ತೆ. ಗಮ್‌ಬೂಟ್ ಬೇಡ: ಮೇಲಿಂದ ಒಳಗೆ ಇಳಿದರೆ ಗೊತ್ತೇ ಆಗಲ್ಲ, ಪಾಚಿಗಲ್ಲಿನ ಮೇಲೆ ಹಿಡಿತವೂ ಇಲ್ಲ.

ಉಪ್ಪು: ಎರಡು ಹಿಡಿ ಕಲ್ಲುಪ್ಪನ್ನ ಬಟ್ಟೆಯಲ್ಲಿ ಗಂಟು ಕಟ್ಟಿ, ಕೋಲಿನ ತುದಿಗೆ ಬಿಗಿದು, ಸ್ವಲ್ಪ ಒದ್ದೆ ಮಾಡಿಕೊಳ್ಳಿ. ಶೂ ಮೇಲೆ ಹತ್ತುತ್ತಿರೋದಕ್ಕೆ ಮುಟ್ಟಿಸಿದರೆ ಉದುರುತ್ತೆ. ಇದನ್ನ ಮಗಳ ಕೈಗೆ ಕೊಡಿ. ಕೆಲಸ ಸಿಕ್ಕಿದ ಮಗು ಇಂಬಳಕ್ಕೆ ಹೆದರಲ್ಲ.

ಆದರೆ ಕಚ್ಚಿ ಹಿಡಿದ ಮೇಲೆ ಉಪ್ಪನ್ನೂ ಹಾಕಬೇಡಿ, ಬೆಂಕಿಕಡ್ಡಿಯನ್ನೂ ತಾಗಿಸಬೇಡಿ. ಸಂಕಟಕ್ಕೆ ಹೊಟ್ಟೆಯದನ್ನ ಗಾಯಕ್ಕೇ ಕಾರುತ್ತೆ, ಕೀವಾಗೋದು ಅದರಿಂದ. ಸಣ್ಣಗಿರೋ ತುದಿ ಬಾಯಿ. ಅಲ್ಲಿ ಚರ್ಮಕ್ಕೆ ಉಗುರು ಒತ್ತಿ ಪಕ್ಕಕ್ಕೆ ಸರಿಸಿ, ಬಿಟ್ಟ ತಕ್ಷಣ ದಪ್ಪ ತುದಿಯನ್ನೂ ಹಾಗೇ ಬಿಡಿಸಿ ಎಸೆಯಿರಿ. ಎಳೆಯಬೇಡಿ. ಸೋಪು ನೀರಲ್ಲಿ ತೊಳೆದು, ಹತ್ತಿಯಿಟ್ಟು ಹತ್ತು ನಿಮಿಷ ಒತ್ತಿ ಹಿಡಿದು, ಪಟ್ಟಿ ಹಾಕಿ. ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇರೋದ್ರಿಂದ ಗಂಟೆಗಟ್ಟಲೆ ಜಿನುಗಬಹುದು. ನೋಡೋಕೆ ಭಯವಾದರೂ ಹೋದ ರಕ್ತ ಸ್ವಲ್ಪವೇ. ಮಗುವಿಗೆ ನೋವಾಗಿರಲ್ಲ, ನಿಮ್ಮ ಮುಖ ನೋಡಿ ಅಳುತ್ತೆ. ತುರಿಕೆ ಕೆಲವು ದಿನ ಇರುತ್ತೆ, ಉಗುರು ಕತ್ತರಿಸಿಡಿ.

ಹಳ್ಳದ ನೀರಿಗೆ ಬಾಯಿ ಹಚ್ಚಿ ಕುಡಿಯೋಕೆ ಬಿಡಬೇಡಿ, ನೀರಿನ ಜಿಗಣೆ ಮೂಗಿಗೆ ಹೋದರೆ ಮನೆಯಲ್ಲಿ ತೆಗೆಯೋ ಹಾಗಿಲ್ಲ, ಡಾಕ್ಟರೇ ಬೇಕು.

ಹೊಗೆಸೊಪ್ಪು:

ಅಷ್ಟೆಲ್ಲ ಯಾಕೆ? ಹೊಗೆಸೊಪ್ಪಿನ ಪುಡಿ, ಸುಣ್ಣ, ಕೊಬ್ಬರಿ ಎಣ್ಣೆ ಕಲಸಿ ಕಾಲಿಗೆ ಹಚ್ಚಿ. ತೋಟದ ಕೆಲಸದವರು ಮಾಡೋದು ಅದನ್ನೇ, ಇಂಬಳ ಹತ್ತಿರ ಸುಳಿಯಲ್ಲ.

ಮಲೆನಾಡು_ಮಳೆ:

ದೊಡ್ಡವರ ಶೂ ಮೇಲೆ ಸರಿ. ಮಕ್ಕಳ ಚರ್ಮಕ್ಕೆ ಬೇಡವೇ ಬೇಡ. ಹಸಿ ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತೆ, ಹದಿಮೂರು ಕೆ.ಜಿ. ಮೈಗೆ ಸ್ವಲ್ಪವೇ ಸಾಕು ತಲೆಸುತ್ತು, ವಾಂತಿ ಬರಿಸೋಕೆ. ಸುಣ್ಣ ಚರ್ಮ ಸುಡುತ್ತೆ, ಆ ಕೈ ಕಣ್ಣಿಗೆ ಹೋದರೆ ಇನ್ನೂ ಕಷ್ಟ. ಬೇಕಿದ್ದರೆ ಬೇವಿನ ಎಣ್ಣೆಯನ್ನ ಶೂ, ಚೀಲದ ಹೊರಗೆ ಸವರಿ. ನೀರು ಬಿದ್ದರೆ ತೊಳೆದುಹೋಗುತ್ತೆ, ಗಂಟೆಗೊಮ್ಮೆ ಮತ್ತೆ ಸವರಬೇಕು. ಸೊಳ್ಳೆಗೆ ಡೀಟ್ ಇರೋ ಕ್ರೀಮ್ ಹಚ್ಚೋದಾದರೆ ದೊಡ್ಡವರು ತಮ್ಮ ಅಂಗೈಗೆ ಹಾಕಿಕೊಂಡು ಸವರಿ, ಮಗುವಿನ ಕೈಗೆ ಬೇಡ. ಆ ಕೈ ಬಾಯಿಗೇ ಹೋಗೋದು.

ಬೆನ್ನುಚೀಲ:

ಕ್ಯಾರಿಯರ್ ಬೇಕು. ನಡೆಯಲ್ಲ ಅಂತಲ್ಲ, ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ನಿದ್ದೆ ಬಂದುಬಿಡುತ್ತೆ. ಅದಕ್ಕೆ ಮೊದಲು ಲೆಕ್ಕ ನೋಡಿ: ಮೂರು ವರ್ಷದ ಮಗು ಸುಮಾರು 13–14 ಕೆ.ಜಿ., ಲೋಹದ ಚೌಕಟ್ಟಿನ ಕ್ಯಾರಿಯರ್ 3 ಕೆ.ಜಿ., ನೀರು 2 ಲೀಟರ್. ಒಟ್ಟು 18–19 ಕೆ.ಜಿ. ಹೊರೋರು ಬೇರೇನೂ ಹೊರಬಾರದು. ನಿಮ್ಮದು ನಾಲ್ಕು ಗಂಟೆಯ ದಾರಿ ಅಷ್ಟೇ, ಸೊಂಟಪಟ್ಟಿ ಇರೋ ಬಟ್ಟೆಯ ಕ್ಯಾರಿಯರ್ ಸಾಕು. ಮುಕ್ಕಾಲು ಕೆ.ಜಿ. ತೂಗುತ್ತೆ, ಬೇಡದಾಗ ಮಡಚಿ ಚೀಲದೊಳಗೆ ಹಾಕಬಹುದು. ಖರೀದಿಸುವಾಗ ಗರಿಷ್ಠ ತೂಕ ನೋಡಿ, 15 ಕೆ.ಜಿ.ಗೆ ನಿಲ್ಲೋವು ಬಹಳ ಇವೆ, ನಿಮಗೆ 20ರದ್ದು ಬೇಕು.

ಕಟ್ಟೋ ಕ್ರಮ: ಮೊದಲು ಸೊಂಟಪಟ್ಟಿಯನ್ನ ಹೊಕ್ಕುಳಿನ ಮಟ್ಟದಲ್ಲಿ ಬಿಗಿ ಮಾಡಿ, ಆಮೇಲೆ ಭುಜದ ಪಟ್ಟಿ. ಭಾರ ಸೊಂಟದ ಮೂಳೆ ಮೇಲೆ ಕೂರಬೇಕು. ಭುಜ ಉರಿಯೋಕೆ ಶುರುವಾದರೆ ಸೊಂಟಪಟ್ಟಿ ಕೆಳಗೆ ಜಾರಿದೆ ಅಂತ ಅರ್ಥ. ಮಗುವಿನ ಮಂಡಿ ಪೃಷ್ಠಕ್ಕಿಂತ ಸ್ವಲ್ಪ ಮೇಲೆ ಇರಬೇಕು, ಕಾಲು ಜೋತಾಡಬಾರದು, ಇಲ್ಲದಿದ್ದರೆ ಅರ್ಧ ಗಂಟೆಗೆ ಜೋಮು ಹಿಡಿಯುತ್ತೆ.

ಇಳಿಜಾರಿನಲ್ಲಿ ಮಗುವನ್ನ ಎದೆಗೆ ಕಟ್ಟಿಕೊಂಡು ಇಳಿಯಬೇಡಿ, ನಿಮ್ಮ ಪಾದ ನಿಮಗೇ ಕಾಣಲ್ಲ. ಬೆನ್ನಿಗೇ ಹಾಕಿ, ಕೈಯಲ್ಲಿ ಕೋಲು, ಹೆಜ್ಜೆ ಅಡ್ಡಡ್ಡ. ಚೌಕಟ್ಟಿನದಾದರೆ ಇನ್ನೊಂದು ವಿಷಯ: ಮಗುವಿನ ತಲೆ ನಿಮ್ಮ ತಲೆಗಿಂತ ಮೇಲಿರುತ್ತೆ. ದೇವಸ್ಥಾನದ ತಗ್ಗು ಬಾಗಿಲಲ್ಲಿ ನೀವು ಬಗ್ಗಿದರೂ ಅವನ ಹಣೆ ಬಾಗಿಲ ಮೇಲಿನ ಕಲ್ಲಿಗೆ ಬಡಿಯುತ್ತೆ. ಇಳಿಸಿ, ನಡೆಸಿ, ಆಮೇಲೆ ಮತ್ತೆ ಹೊರಿ.

ನೀವು ನಡೀತಾ ಬೆವರುತ್ತಿರುವಾಗ ಅವನು ಅಲುಗಾಡದೆ ಕೂತಿರ್ತಾನೆ. ಮಳೆ, ಗಾಳಿ ಬಂದರೆ ಅವನ ಕೈಕಾಲು ತಣ್ಣಗಾಗಿರುತ್ತೆ, ಹತ್ತು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿ.

ಪುಟ್ಟಹೆಜ್ಜೆ:

ತುಂಬಾ ಉಪಯೋಗ ಆಯ್ತು. ಒಂದು ಪ್ರಶ್ನೆ: ಇಂಬಳದ ಗೊಡವೆಯೇ ಬೇಡ ಅಂತ ಜನವರಿ–ಫೆಬ್ರವರಿಗೆ ಮುಂದೂಡಿದರೆ ಹೇಗೆ? ಮತ್ತೆ ಶೂ, ತಿಂಡಿ ಬಗ್ಗೆಯೂ ಯಾರಾದರೂ ಹೇಳಿ.

ತುಂಗಾತೀರ:

ಇಂಬಳ ತಪ್ಪುತ್ತೆ, ಉಣುಗು (ಉಣ್ಣೆ) ಸಿಗುತ್ತೆ. ಶಿವಮೊಗ್ಗ ಜಿಲ್ಲೆಯ ಕಾಡಲ್ಲಿ ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ಅದು ಮೊದಲು ಪತ್ತೆಯಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡೋದು ಉಣುಗಿನ ಮರಿಗಳಿಂದ, ಅವು ಎಳ್ಳಿಗಿಂತ ಸಣ್ಣ, ಇಂಬಳದ ಹಾಗೆ ಕಣ್ಣಿಗೆ ಬೀಳಲ್ಲ. ಇಂಬಳ ಅಸಹ್ಯ ಹುಟ್ಟಿಸುತ್ತೆ, ಉಣುಗು ಆಸ್ಪತ್ರೆಗೆ ಕಳಿಸುತ್ತೆ. ನನ್ನ ಲೆಕ್ಕದಲ್ಲಿ ಅಕ್ಟೋಬರೇ ವಾಸಿ.

ಆ ಕಾಲದಲ್ಲೇ ಹೋಗೋದಾದರೆ ಹಿಂದಿನ ದಿನ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಆ ಸುತ್ತಿನಲ್ಲಿ ಪ್ರಕರಣ ಇದೆಯಾ ಕೇಳಿ. ಕಾಡಿಗೆ ಹೋಗೋರಿಗೆ ಹಚ್ಚಿಕೊಳ್ಳೋಕೆ ಡೆಪಾ ಎಣ್ಣೆ ಅವರ ಹತ್ತಿರವೇ ಇರುತ್ತೆ, ಮಕ್ಕಳಿಗೆ ಹೇಗೆ ಅಂತಲೂ ಅವರನ್ನೇ ಕೇಳಿ. ತರಗೆಲೆ ಮೇಲೆ ಮಕ್ಕಳನ್ನ ಕೂರಿಸಬೇಡಿ. ಸತ್ತ ಮಂಗ ಕಂಡರೆ ಅಲ್ಲಿಂದಲೇ ವಾಪಸಾಗಿ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬಂದ ಕೂಡಲೆ ಬಿಸಿನೀರು ಸ್ನಾನ, ಬಟ್ಟೆ ಕುದಿಯೋ ನೀರಿಗೆ, ಕಿವಿ ಹಿಂದೆ, ಕಂಕುಳು, ಸೊಂಟದ ಎಲಾಸ್ಟಿಕ್ ಜಾಗ, ಮಂಡಿ ಹಿಂದೆ ಬೆಳಕಿಟ್ಟು ನೋಡಬೇಕು. ಉಣುಗು ತೆಗೆಯೋ ರೀತಿ ಇಂಬಳದ್ದಕ್ಕೆ ಉಲ್ಟಾ: ಪಕ್ಕಕ್ಕೆ ಸರಿಸೋದಲ್ಲ, ಸಣ್ಣ ಚಿಮಟಿಗೆಯಲ್ಲಿ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಮೇಲಕ್ಕೆ ನಿಧಾನವಾಗಿ ಎಳೆಯಬೇಕು. ಹಿಸುಕಬಾರದು. ಮುಂದಿನ ಎರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ವಿ" ಅಂತ ಮೊದಲೇ ಹೇಳಿ. ಬೆಂಗಳೂರಿನ ಡಾಕ್ಟರು ಡೆಂಗಿ ಅಂತಲೇ ಶುರು ಮಾಡ್ತಾರೆ.

ಕೋಟೆಕೊತ್ತಲ:

ಶೂ: ಹೊಸದು ಬೇಡ, ಮೂರು ವಾರ ಹಾಕಿ ಪಳಗಿದ್ದು ಬೇಕು. ನಿಂತಾಗ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ, ಇಲ್ಲದಿದ್ದರೆ ಇಳಿಯುವಾಗ ಉಗುರು ಮುಂದಕ್ಕೆ ಬಡಿದು ಕಪ್ಪಾಗುತ್ತೆ. ಶಾಲೆಯ ಬಿಳಿ ಕ್ಯಾನ್ವಾಸ್ ಶೂ ಒದ್ದೆ ಕಲ್ಲಿನ ಮೇಲೆ ಜಾರುತ್ತೆ. ತಳದಲ್ಲಿ ಆಳವಾದ ಗೆರೆ ಇರೋ ಮೆತ್ತಗಿನ ರಬ್ಬರು ನೋಡಿ. ಉಗುರಿಂದ ಒತ್ತಿದರೆ ಗುಳಿ ಬೀಳಬೇಕು. ಮಂಡಿ ಕೆಳಗೆ ಜೋತು ಬೀಳೋ ಮಳೆಕೋಟು ಬೇಡ, ಪಾದ ಕಾಣದೆ ಮುಗ್ಗರಿಸ್ತಾರೆ. ಸೊಂಟದ ಕೆಳಗೆ ನಿಲ್ಲೋ ಜಾಕೆಟ್, ಕೈ ಎರಡೂ ಖಾಲಿ.

ನೀರು: ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕೈದು ಗುಟುಕು, ಕೇಳೋವರೆಗೂ ಕಾಯಬೇಡಿ. ಇಬ್ಬರಿಗೆ ಸೇರಿ ಒಂದೂವರೆ ಲೀಟರ್, ದೊಡ್ಡವರದ್ದು ಬೇರೆ. ತಿಂಡಿಗೆ ಬೆಲ್ಲ-ತುಪ್ಪ ಸವರಿ ಸುತ್ತಿದ ಚಪಾತಿ, ಬಾಳೆಹಣ್ಣು, ಸೌತೆಕಾಯಿ, ಹುರಿದ ಅವಲಕ್ಕಿ. ಇಡೀ ಶೇಂಗಾ, ಹುರಿಗಡಲೆ ಮೂರು ವರ್ಷದವನಿಗೆ ಬೇಡ, ನಡೀತಾ ನಗ್ತಾ ತಿಂದರೆ ಗಂಟಲಿಗೆ ಸಿಕ್ಕುತ್ತೆ. ಚಿಕ್ಕಿಯೂ ಅದೇ ಲೆಕ್ಕ. ತಿಂಡಿ ಪ್ಲಾಸ್ಟಿಕ್ ಕವರಲ್ಲಿ ಹೊರಗೆ ಹಿಡಿಯಬೇಡಿ, ಸರಬರ ಶಬ್ದಕ್ಕೇ ಕೋತಿ ಬರುತ್ತೆ. ಮಗುವಿನ ಕೈಯದನ್ನ ಕೋತಿ ಹಿಡಿದರೆ ಬಿಟ್ಟುಬಿಡು ಅಂತ ಮೊದಲೇ ಕಲಿಸಿ, ಎಳೆದಾಡಿದಾಗಲೇ ಪರಚೋದು. ಪರಚಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬಿಸ್ ಇಂಜೆಕ್ಷನ್‌ಗೆ ಹೋಗಿ.

ಆರು ವಾರದ ಅಭ್ಯಾಸ: ಮೊದಲ ಎರಡು ವಾರ ಲಾಲ್‌ಬಾಗ್, ಒಂದು ಗಂಟೆ. ಕೆಂಪೇಗೌಡ ಗೋಪುರದ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಇಳಿಜಾರಾಗಿ ಬಂಡೆ ಇಳಿಯೋಕೆ ಕಲಿಸೋಕೆ ಅದಕ್ಕಿಂತ ಒಳ್ಳೆ ಜಾಗ ಊರೊಳಗಿಲ್ಲ. ಮಂಡಿ ಮಡಚಿ, ಇಡೀ ಪಾದ ಊರಿ, ಚಿಕ್ಕ ಹೆಜ್ಜೆ. ಮಕ್ಕಳು ಹಿಮ್ಮಡಿ ಊರಿ ಓಡ್ತಾರೆ, ಬೀಳೋದು ಅದಕ್ಕೇ. ಆಮೇಲೆ ತುಮಕೂರಿನ ನಾಮದ ಚಿಲುಮೆ ಕಡೆ ಒಂದು ಭಾನುವಾರ, ಎರಡು ಗಂಟೆ, ಕ್ಯಾರಿಯರ್ ಸಮೇತ. ಕೊನೆಗೆ ಶ್ರವಣಬೆಳಗೊಳದ ವಿಂಧ್ಯಗಿರಿ: ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು, ಹತ್ತು ಗಂಟೆ ಮೇಲೆ ಕಲ್ಲು ಸುಡುತ್ತೆ, ದಪ್ಪ ಸಾಕ್ಸ್ ಒಯ್ಯಿರಿ. ಮಗಳು ಅದನ್ನ ಅಳದೆ ಹತ್ತಿ ಇಳಿದರೆ ಕವಲೇದುರ್ಗಕ್ಕೆ ಅವಳು ತಯಾರು. ಚಿಕ್ಕವನು ಹತ್ತೋಕೆ ಶುರು ಮಾಡಿ ಎಷ್ಟು ನಿಮಿಷಕ್ಕೆ ಕೈ ಚಾಚಿ "ಎತ್ಕೋ" ಅಂದ ಅಂತ ಗಡಿಯಾರ ನೋಡಿಕೊಳ್ಳಿ. ಕೋಟೆಯ ದಿನ ಆ ಹೊತ್ತಿಗೆ ಐದು ನಿಮಿಷ ಮುಂಚೆ, ಅವನು ಕೇಳೋ ಮೊದಲೇ, ಬೆನ್ನಿಗೆ ಹಾಕಿಕೊಳ್ಳಿ.

ಬೆನ್ನುಚೀಲ:

ಮಗಳ ಕೊರಳಿಗೆ ಒಂದು ಸೀಟಿ ಹಾಕಿ. ದಾರಿ ತಪ್ಪಿದರೆ ಹುಡುಕ್ತಾ ನಡೆಯೋದಲ್ಲ, ಇದ್ದಲ್ಲೇ ಮರವೊಂದನ್ನ ತಬ್ಬಿ ಕೂತು ಮೂರು ಸಲ ಊದೋದು. ಇದನ್ನ ಲಾಲ್‌ಬಾಗಲ್ಲಿ ಆಟದ ಥರ ನಾಲ್ಕೈದು ಸಲ ಆಡಿಸಿ. ಅಲ್ಲಿನ ಕಾವಲುಗಾರರಿಗೆ ಮೊದಲೇ ಒಂದು ಮಾತು ಹೇಳಿಡಿ, ಇಲ್ಲದಿದ್ದರೆ ಮೊದಲ ಸೀಟಿಗೇ ಓಡಿ ಬರ್ತಾರೆ.