ಅಪ್‌ಡೇಟ್: ಅಜ್ಜನ ಸಿಡಿಯ ಕಡತಗಳು ಸಿಕ್ಕವು

ಹಳೆಯ ಸಿಡಿಯ ಐಎಸ್‌ಒ ಪ್ರತಿಯಿಂದ (ಇಡೀ ಸಿಡಿಯ ನಕಲನ್ನು ಒಂದೇ ಕಡತದಲ್ಲಿಟ್ಟದ್ದು) ಅಜ್ಜನ ಪತ್ರಗಳನ್ನು ಪೈಥಾನ್ ಭಾಷೆಯ ಪೈಸಿಡಿಲಿಬ್ (ಇಂಥ ಪ್ರತಿಗಳನ್ನು ಓದುವ ಸಿದ್ಧ ಕೋಡ್) ಮೂಲಕ ಓದಲು ಹೋದರೆ 'ಇಂಥ ಕಡತವೇ ಇಲ್ಲ' ಎನ್ನುತ್ತಿದೆ ಎಂದು ಕಳೆದ ವಾರ ಕೇಳಿದ್ದೆ. ಸಿಡಿ ಕೆಟ್ಟಿರಲಿಲ್ಲ, ಕೆಟ್ಟಿದ್ದು ನಾನು ಕೊಟ್ಟ ದಾರಿ, ಅಂದರೆ ಕಡತದ ವಿಳಾಸ.

ಸಿಡಿಯಲ್ಲಿ ಕಡತಗಳನ್ನು ಜೋಡಿಸುವ ಮಾನದಂಡವಾದ ಐಎಸ್‌ಒ 9660ರ ಮೂಲ ಹಂತದಲ್ಲಿ ಹೆಸರಿಗೆ ಎಂಟು ಅಕ್ಷರ, ವಿಸ್ತರಣೆಗೆ ಮೂರು. ಎಲ್ಲವೂ ದೊಡ್ಡಕ್ಷರ, ಕೊನೆಗೆ ಅರ್ಧವಿರಾಮ ಮತ್ತು 1. ಆ ';1' ಬಿಟ್ಟರೆ ಕಡತ ಸಿಗುವುದಿಲ್ಲ. ನಮ್ಮ ಸಿಡಿಯಲ್ಲಿ ಕನ್ನಡ ಹೆಸರುಗಳೆಲ್ಲ ಅಲ್ಲಿ ಬರೀ ಅಡಿಗೆರೆಗಳಾಗಿ ಕುಳಿತಿದ್ದವು! ನಿಜವಾದ ಹೆಸರುಗಳಿದ್ದದ್ದು ಪಕ್ಕದ ಜೋಲಿಯೆಟ್ ಪಟ್ಟಿಯಲ್ಲಿ (ಉದ್ದ ಹೆಸರು, ಬೇರೆ ಲಿಪಿಗಳಿಗಾಗಿ ಸಿಡಿಯಲ್ಲಿಡುವ ಎರಡನೇ ಹೆಸರುಪಟ್ಟಿ). ಇಲ್ಲಿ ಒಬ್ಬರು ಸೂಚಿಸಿದಂತೆ ಐಎಸ್‌ಒ ದಾರಿಯ ಬದಲು ಜೋಲಿಯೆಟ್ ದಾರಿ ಕೊಟ್ಟೆ. ಎರಡನ್ನೂ ಒಟ್ಟಿಗೆ ಕೊಡಬೇಡಿ, ಪೈಸಿಡಿಲಿಬ್ ಒಪ್ಪುವುದಿಲ್ಲ.

ಆಮೇಲೂ ಒಂದು ಸಂಜೆ ಹಾಳಾಯಿತು. ಪಟ್ಟಿ ಕೇಳಿದರೆ ಹೆಸರುಗಳು ಬೈಟ್‌ಗಳಾಗಿ ಬರುತ್ತವೆ. ನಾನು ಅಭ್ಯಾಸಬಲದಿಂದ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ರೀತಿ) ಎಂದು ಬಿಡಿಸಿ ದೋಷದ ಮೇಲೆ ದೋಷ ಕಂಡೆ. ಜೋಲಿಯೆಟ್‌ನಲ್ಲಿ ಪ್ರತಿ ಅಕ್ಷರಸಂಕೇತಕ್ಕೂ ಎರಡು ಬೈಟ್, ದೊಡ್ಡ ಬೈಟ್ ಮೊದಲು. ಯುಟಿಎಫ್-16-ಬಿಇ ಎಂದು ಬದಲಿಸಿದ ತಕ್ಷಣ ಪರದೆಯ ಮೇಲೆ 'ಅಜ್ಜನ ಪತ್ರಗಳು' ಎಂದು ಮೂಡಿತು.

41 ಕಡತಗಳಲ್ಲಿ 39 ಹೊರಬಂದಿವೆ. ಉಳಿದೆರಡು ಗೀರು ಬಿದ್ದ ಜಾಗದಲ್ಲಿವೆ. ಬೇರೆ ಡ್ರೈವ್‌ನಲ್ಲಿ ಮತ್ತೆ ಪ್ರತಿ ತೆಗೆದು ನೋಡುತ್ತೇನೆ.