ರೆಪೊ ಇಳಿದರೆ ನಮ್ಮ ಬಡ್ಡಿ ಏನಾಗುತ್ತದೆ? ನಿವೃತ್ತ ಬ್ಯಾಂಕ್ ಮ್ಯಾನೇಜರ್ ಜೊತೆ ಪ್ರಶ್ನೋತ್ತರ (ಬಾಗಲಕೋಟೆ ಗ್ರೂಪ್, ಡಿಸೆಂಬರ್ 2025)

ನವನಗರ ಸದಸ್ಯ: ಸರ್, ರಿಸರ್ವ್ ಬ್ಯಾಂಕ್ ರೆಪೊ (ತಾನು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಶೇ 5.25ಕ್ಕೆ ಇಳಿಸಿದೆ. ನನ್ನ ಮನೆ ಸಾಲದ ಕಂತು ಮಾತ್ರ ಹಾಗೇ ಇದೆ.

ಮ್ಯಾನೇಜರ್: ಮಂಜೂರಾತಿ ಪತ್ರ ತೆಗೆದು ನೋಡಿ. ರೆಪೊಗೆ ಜೋಡಿಸಿದ ಸಾಲವಾದರೆ ಮೂರು ತಿಂಗಳೊಳಗೆ ಬಡ್ಡಿ ಬದಲಾಗಲೇಬೇಕು. ಎಷ್ಟೋ ಸಲ ಕಂತು ಇಳಿಯಲ್ಲ, ಅವಧಿ ಇಳಿಯುತ್ತದೆ. ಹಳೇ ಎಂಸಿಎಲ್‌ಆರ್ (ಬ್ಯಾಂಕು ತನ್ನ ಖರ್ಚು ನೋಡಿ ತಾನೇ ನಿಗದಿ ಮಾಡುವ ದರ) ಸಾಲವಾದರೆ ರೆಪೊಗೆ ಬದಲಾಯಿಸಲು ಅರ್ಜಿ ಕೊಡಿ.

ಗುಳೇದಗುಡ್ಡ ಸದಸ್ಯೆ: ನಮಸ್ಕಾರ ಸರ್. ಯಜಮಾನರು ತೀರಿಕೊಂಡ ಮೇಲೆ ಬಂದ 6 ಲಕ್ಷ ಎಫ್‌ಡಿ ಇಟ್ಟಿದ್ದೆ, 7.25ಕ್ಕೆ. ಮುಂದಿನ ವಾರ ಮುಗಿಯುತ್ತದೆ. ಈಗ 6.25 ಅಂತಾರೆ. ಊರಿನ ಸೊಸೈಟಿಯವರು 11 ಕೊಡ್ತೀವಿ ಅಂತ ಮನೆಗೇ ಬಂದಿದ್ದರು. ಹಾಕಲಾ? ನನಗೆ 62.

ಮ್ಯಾನೇಜರ್: ಅಕ್ಕಾ, ದಯವಿಟ್ಟು ಸ್ವಲ್ಪ ತಡೆಯಿರಿ. ರೆಪೊ ಇಳಿದರೆ ಬ್ಯಾಂಕಿಗೆ ಸಾಲದಿಂದ ಬರುವ ಬಡ್ಡಿ ಬೇಗ ಇಳಿಯುತ್ತದೆ. ಆದರೆ ನಿಮಗೆ ಬರೆದುಕೊಟ್ಟ 7.25 ಅನ್ನು ಎಫ್‌ಡಿ ಮುಗಿಯುವವರೆಗೂ ಕೊಡಲೇಬೇಕು. ಬರುವುದಕ್ಕೂ ಕೊಡುವುದಕ್ಕೂ ನಡುವಿನ ಅಂತರವೇ ಮಾರ್ಜಿನ್. ಅದು ಸವೆದಾಗ ಹೊಸ ಎಫ್‌ಡಿ ಬಡ್ಡಿ ಇಳಿಸುತ್ತಾರೆ. ನಿಮಗೆ ಆಗುವ ನಷ್ಟ ವರ್ಷಕ್ಕೆ 6,000, ತಿಂಗಳಿಗೆ 500. ನೋವಿನ ಮಾತೇ, ಗೊತ್ತು. ಆದರೆ 11 ಕೊಡುವವರು 14-15ಕ್ಕೆ ಸಾಲ ಕೊಡಬೇಕು. ಅಷ್ಟು ಬಡ್ಡಿಗೆ ಸಾಲ ತಗೊಳ್ಳುವವನು ಯಾರು, ಅವನು ಕಟ್ಟದಿದ್ದರೆ ಯಾರ ದುಡ್ಡು ಹೋಗುತ್ತದೆ? ಬ್ಯಾಂಕಿನ ಠೇವಣಿಗೆ ಅಸಲು-ಬಡ್ಡಿ ಸೇರಿ 5 ಲಕ್ಷದವರೆಗೆ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆ) ವಿಮೆ ಇದೆ. ಸೌಹಾರ್ದ, ಪತ್ತಿನ ಸೊಸೈಟಿಗಳಿಗೆ ಅದಿಲ್ಲ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 8.2 ಸಿಗುತ್ತದೆ, ಐದು ವರ್ಷಕ್ಕೆ. ಮೊದಲು ಅಲ್ಲಿ ಕೇಳಿ. ಸೊಸೈಟಿಯವರು ಕಾಗದ ಏನಾದರೂ ಕೊಟ್ಟಿದ್ದಾರಾ? ಅದರ ಮೇಲೆ ಏನು ಬರೆದಿದೆ?

ಇಳಕಲ್ ಸದಸ್ಯ: ಎಲ್ಲಾ ಸುಳ್ಳು. 6ಕ್ಕೆ ತಗೊಂಡು 9ಕ್ಕೆ ಕೊಡ್ತಾರೆ. 3 ರೂಪಾಯಿ ಪೂರ್ತಿ ಲಾಭ.

ಮ್ಯಾನೇಜರ್: ಪೂರ್ತಿ ಅಲ್ಲ. ನೀವಿಟ್ಟ 100ರಲ್ಲಿ 3 ರೂಪಾಯಿ ಸಿಆರ್‌ಆರ್ ಅಂತ ಬಡ್ಡಿಯಿಲ್ಲದೆ ರಿಸರ್ವ್ ಬ್ಯಾಂಕಿನಲ್ಲಿ ಇರುತ್ತದೆ. ಸೆಪ್ಟೆಂಬರ್ ಶುರುವಿನವರೆಗೂ ಅದು 4 ಇತ್ತು. ಇನ್ನು 18 ರೂಪಾಯಿಯಷ್ಟನ್ನು ಬಹುತೇಕ ಸರ್ಕಾರಿ ಸಾಲಪತ್ರದಲ್ಲಿ ಇಡಬೇಕು. ಸಂಬಳ, ವಸೂಲಾಗದ ಸಾಲ, ಎಲ್ಲಾ ಆ ಅಂತರದಿಂದಲೇ ಹೋಗಬೇಕು.

ಜಮಖಂಡಿ ಸದಸ್ಯ: ಸೊಸೈಟಿಗಳನ್ನು ಬೈಯಬೇಡಿ. ಬ್ಯಾಂಕು ಬಾಗಿಲು ಹಾಕಿದಾಗ ನಮ್ಮ ಮಗ್ಗಕ್ಕೆ ಸಾಲ ಕೊಟ್ಟಿದ್ದು ಸೊಸೈಟಿ.

ಇಳಕಲ್ ಸದಸ್ಯ: ನಮ್ಮ ಮಾವನ ದುಡ್ಡು ಎರಡು ವರ್ಷದಿಂದ ಸೊಸೈಟಿಯಲ್ಲೇ ಕೂತಿದೆ. ಅದನ್ನೂ ಹೇಳಿ.

ಜಮಖಂಡಿ ಸದಸ್ಯ: ಈಗಷ್ಟೇ ಬ್ಯಾಂಕನ್ನು ಬೈದಿರಿ. ಯಾವ ಕಡೆ ನೀವು?

ಇಳಕಲ್ ಸದಸ್ಯ: ದುಡ್ಡು ಕಳಕೊಂಡವರ ಕಡೆ.

ಬಾದಾಮಿ ಸದಸ್ಯ: ಸರ್, ಬಂಗಾರದ ಸಾಲದ ಬಡ್ಡಿನೂ ಇಳಿಯುತ್ತಾ?

ಮುಧೋಳ ಸದಸ್ಯ: ಫಾರ್ವರ್ಡ್ ಬಂದಿದೆ. ಎಲ್ಲಾ ಸಾಲಕ್ಕೂ 5.25 ಅಂತ ಆದೇಶವಂತೆ. ಲಿಂಕ್ ಒತ್ತಿ ಫಾರ್ಮ್ ತುಂಬಿದರೆ ಸಾಕಂತೆ.

ಮ್ಯಾನೇಜರ್: ಒತ್ತಬೇಡಿ! ರೆಪೊ ಅಂದರೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಸಾಲ ತರುವ ದರ. ನಮ್ಮ ನಿಮ್ಮ ಸಾಲದ ದರವಲ್ಲ. ಫಾರ್ಮ್ ತುಂಬಿದರೆ ಖಾತೆ ಖಾಲಿಯಾಗುತ್ತದೆ. ಮೂರನೇ ಸಲ ಹೇಳುತ್ತಿದ್ದೇನೆ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಹುನಗುಂದ ಸದಸ್ಯ: ಸರ್, ನನ್ನ ಕಂತು ಯಾಕೆ ಇಳಿದಿಲ್ಲ?

ಮ್ಯಾನೇಜರ್: ಮೇಲೆ ಓದಿ.

ಹುನಗುಂದ ಸದಸ್ಯ: ಕೇಳಿದ್ದೇ ತಪ್ಪಾ?

ಗುಳೇದಗುಡ್ಡ ಸದಸ್ಯೆ: ಸರ್, ಕಾಗದ ನೋಡಿದೆ. ಕೆಂಪು ಸೀಲಿನಲ್ಲಿ "ಸೌಹಾರ್ದ ಸಹಕಾರಿ ನಿಯಮಿತ" ಅಂತಿದೆ. ಬ್ಯಾಂಕ್ ಅನ್ನೋ ಪದ ಎಲ್ಲೂ ಇಲ್ಲ.

ಮ್ಯಾನೇಜರ್: ಹಾಗಾದರೆ ವಿಮೆ ಇಲ್ಲ ಅಕ್ಕಾ. ಸೋಮವಾರ ಆಧಾರ್, ಪ್ಯಾನ್ ಹಿಡಿದು ಅಂಚೆ ಕಚೇರಿಗೆ ಹೋಗಿ. ಮಗನನ್ನೂ ಕರೆದುಕೊಂಡು ಹೋಗಿ.