ವಾದಕ್ಕೆ ನಿಂತ ದಿನ ಬಂದ ಸಾಕ್ಷಿ: ನಮ್ಮ ಮನೆಯವರ ಗುಂಪಿನ ಚರ್ಚೆ

ಮಂಜುನಾಥ (ಪತ್ರಿಕೆಯ ತುಣುಕಿನ ಚಿತ್ರದೊಂದಿಗೆ):
ಎಲ್ಲರೂ ಇದನ್ನು ಓದಿ. ತಾಮ್ರದ ತಂತಿ ಕದ್ದರೆಂದು ಕಾರ್ಖಾನೆಯವರು ಒಬ್ಬ ಕಾರ್ಮಿಕರನ್ನು ವಜಾ ಮಾಡಿದ್ದರು. ಕಾರ್ಖಾನೆಯ ಆಂತರಿಕ ವಿಚಾರಣೆ ನ್ಯಾಯಸಮ್ಮತವಾಗಿರಲಿಲ್ಲ ಎಂದು ಕಾರ್ಮಿಕ ನ್ಯಾಯಾಲಯವೇ ಹೇಳಿತು. ಕಾರ್ಮಿಕರ ಪಾಟೀಸವಾಲು ಮುಗಿದು ವಾದಕ್ಕೆ ದಿನಾಂಕ ನಿಗದಿಯಾದ ಮೇಲೆ ಆಡಳಿತ ವರ್ಗದವರು ಗೇಟಿನ ಕಾವಲುಗಾರನನ್ನು ಸಾಕ್ಷಿಯಾಗಿ ಕರೆಸುತ್ತೇವೆ ಎಂದು ಅರ್ಜಿ ಹಾಕಿದ್ದಾರೆ. ನ್ಯಾಯಾಲಯ ಒಪ್ಪಿದೆ! ಆ ಕಾರ್ಮಿಕರು ನಮ್ಮ ಪಕ್ಕದ ಬೀದಿಯವರು.

ಶ್ರೀಧರ ದೊಡ್ಡಪ್ಪ:
ಒಪ್ಪಿದ್ದು ಸರಿಯಾಗಿಯೇ ಇದೆ. ನಾನು ಸಿಬ್ಬಂದಿ ವಿಭಾಗದಲ್ಲೇ ನಿವೃತ್ತನಾದವನು. ಕಣ್ಣಾರೆ ಕಂಡವನು ಒಬ್ಬನಿದ್ದಾನೆ ಎಂದ ಮೇಲೆ ಅವನ ಮಾತು ಕೇಳದೆ ತೀರ್ಪು ಕೊಡುವುದು ಹೇಗೆ? ಕಳವು ನಡೆದಿದೆಯೋ ಇಲ್ಲವೋ ಎಂಬುದು ಮುಖ್ಯ. ಅರ್ಜಿ ಯಾವ ತಾರೀಖಿನಂದು ಬಂತು ಎಂಬುದಲ್ಲ.

ಲಲಿತಾ ಅತ್ತೆ:
ಮಂಜು, ಅವರ ಹೆಂಡತಿ ಈಗ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಾಳಲ್ಲವೇ? ಪಾಪ.

ವಿದ್ಯಾ:
ದೊಡ್ಡಪ್ಪ, ತಾರೀಖೂ ಮುಖ್ಯವೇ. ನಾನು ದಿನವೂ ಕಾರ್ಮಿಕ ನ್ಯಾಯಾಲಯದಲ್ಲಿ ನಿಲ್ಲುವವಳು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಆಂತರಿಕ ವಿಚಾರಣೆ ಬಿದ್ದುಹೋದರೆ ಮಾಲೀಕರ ಕತೆ ಅಲ್ಲಿಗೇ ಮುಗಿಯುವುದಿಲ್ಲ. ನ್ಯಾಯಾಲಯದಲ್ಲೇ ಹೊಸದಾಗಿ ಸಾಕ್ಷ್ಯ ಕೊಟ್ಟು ಆರೋಪ ಸಾಬೀತುಪಡಿಸಲು ಅವರಿಗೆ ಅವಕಾಶವಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 11ಎ ಕಲಂ (ವಜಾ ಸರಿಯೇ ಎಂದು ನೋಡಿ ಅದನ್ನು ಬದಲಿಸುವ ಅಧಿಕಾರವನ್ನು ಕಾರ್ಮಿಕ ನ್ಯಾಯಾಲಯಕ್ಕೆ ಕೊಟ್ಟದ್ದು) ಸೇರಿದ ನಂತರವೂ ಈ ಹಕ್ಕು ಉಳಿದಿದೆ ಎಂದು ಸುಪ್ರೀಂ ಕೋರ್ಟ್ 1973ರಲ್ಲಿ ಫೈರ್‌ಸ್ಟೋನ್ ಪ್ರಕರಣದಲ್ಲಿ ಹೇಳಿತು. ಹಾಗಾದರೆ ಆ ಅವಕಾಶವನ್ನು ಯಾವಾಗ ಕೇಳಬೇಕು? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಕೆಎಸ್‌ಆರ್‌ಟಿಸಿಯ ಪ್ರಕರಣದಲ್ಲೇ, 2001ರಲ್ಲಿ, ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದಿಂದ. ನ್ಯಾ. ಸಂತೋಷ್ ಹೆಗ್ಡೆಯವರು ಬರೆದ ಬಹುಮತದ ತೀರ್ಪು 1983ರ ಬ್ಯಾಂಕ್ ಪ್ರಕರಣವೊಂದರ ನಿಯಮವನ್ನೇ ಎತ್ತಿಹಿಡಿಯಿತು: ವಿಚಾರಣೆ ಬಿದ್ದುಹೋದರೆ ನಮಗೆ ಸಾಕ್ಷ್ಯ ಕೊಡಲು ಅವಕಾಶ ಬೇಕು ಎಂಬ ಕೋರಿಕೆಯನ್ನು ಮಾಲೀಕರು ತಮ್ಮ ಲಿಖಿತ ಪ್ರತಿಹೇಳಿಕೆಯಲ್ಲೇ ಮುಂದಿಡಬೇಕು. ಹಾಗೆ ಮಾಡಿದರೆ ಕಾರ್ಮಿಕನಿಗೂ ಮುಂದೆ ಏನು ಬರಲಿದೆ ಎಂಬುದು ಮೊದಲೇ ಗೊತ್ತಿರುತ್ತದೆ.

ಈ ತುಣುಕಿನ ಪ್ರಕಾರ ಪ್ರತಿಹೇಳಿಕೆಯಲ್ಲಿ ಅಂಥ ಒಂದು ಸಾಲೂ ಇಲ್ಲ.

ಶ್ರೀಧರ ದೊಡ್ಡಪ್ಪ:
ನಾನೂ ಆ ತೀರ್ಪು ಓದಿದ್ದೇನೆ ತಾಯಿ. ಅದೇ ಪೀಠದಲ್ಲಿದ್ದ ನ್ಯಾ. ಶಿವರಾಜ ಪಾಟೀಲರು ಏನು ಬರೆದರು ಎಂಬುದನ್ನೂ ಹೇಳು. ನ್ಯಾಯದ ದೃಷ್ಟಿಯಿಂದ ಅಗತ್ಯವೆನಿಸಿದರೆ, ಪ್ರಕರಣ ಮುಗಿಯುವವರೆಗೆ ಯಾವ ಹಂತದಲ್ಲಾದರೂ ಹೆಚ್ಚಿನ ಸಾಕ್ಷ್ಯ ತರಿಸಿಕೊಳ್ಳುವ ನ್ಯಾಯಾಲಯದ ಅಧಿಕಾರಕ್ಕೆ ಈ ನಿಯಮ ಅಡ್ಡಿಯಲ್ಲ ಎಂದಿದ್ದಾರೆ. (ಇಬ್ಬರೂ ಕನ್ನಡಿಗರು, ಇಬ್ಬರೂ ಮುಂದೆ ನಮ್ಮ ಲೋಕಾಯುಕ್ತರಾದವರು.) ಕಾವಲುಗಾರರು ಗುತ್ತಿಗೆಯವರು, ಏಜೆನ್ಸಿ ಬದಲಾದರೆ ಆಳೂ ಬದಲಾಗುತ್ತಾನೆ. ಊರು ಬಿಟ್ಟು ಹೋದವನನ್ನು ಹುಡುಕಿ ತರುವ ಕಷ್ಟ ನಿನಗೆ ಗೊತ್ತಿಲ್ಲ.

ವಿದ್ಯಾ:
ಹುಡುಕುವುದು ಕಷ್ಟವೆಂದು ಒಪ್ಪುತ್ತೇನೆ. ಆದರೆ ಅವಕಾಶ ಬೇಕೆಂದು ಬರೆಯುವುದಕ್ಕೆ ಕಾವಲುಗಾರನ ವಿಳಾಸವೇನೂ ಬೇಕಾಗಿರಲಿಲ್ಲವಲ್ಲ ದೊಡ್ಡಪ್ಪ! ಆ ಒಂದು ಸಾಲು ಬರೆದು, ಆಮೇಲೆ ವಿಳಾಸ ಹುಡುಕಿಕೊಂಡಿದ್ದರೆ ಇಂದು ನಾನು ತಕರಾರು ಎತ್ತುತ್ತಿರಲಿಲ್ಲ. ಪಾಟೀಲರು ಹೇಳಿದ ಅಧಿಕಾರ ನ್ಯಾಯಾಲಯದ್ದು. ಮರೆತ ಮಾಲೀಕರಿಗೆ ಅದು ಹಿಂಬಾಗಿಲಾಗಬಾರದು.

ಇನ್ನು ತಡದ ಬೆಲೆ ಯಾರು ತೆರುತ್ತಾರೆ ಎಂಬುದನ್ನು ನೋಡಿ. ಒಬ್ಬ ಕಾರ್ಮಿಕನ ವಿವಾದವನ್ನು ಸರ್ಕಾರ ನ್ಯಾಯಾಲಯಕ್ಕೆ ಒಪ್ಪಿಸಿದರೆ, ಅದರ ಇತ್ಯರ್ಥಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಗಡುವು ಕೊಡಬಾರದು ಎಂದು, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಆ ಕಾಯ್ದೆಯೇ ಬರೆದಿತ್ತು. ನಡೆಯುವುದು ವರ್ಷಗಟ್ಟಲೆ. ಆ ಕಾಯ್ದೆಯ 17ಬಿ ಕಲಂ ಪ್ರಕಾರ ಕಾರ್ಮಿಕನಿಗೆ ಕೊನೆಯದಾಗಿ ಪಡೆಯುತ್ತಿದ್ದ ದರದಲ್ಲಿ ಸಂಬಳ ಸಿಗುತ್ತಿದ್ದುದು ಅವನು ಗೆದ್ದ ಮೇಲೆ, ಮಾಲೀಕರು ಮೇಲಿನ ನ್ಯಾಯಾಲಯಕ್ಕೆ ಹೋದಾಗ. ಕೆಳಗಿನ ಹಂತದಲ್ಲಿ ಸಾಮಾನ್ಯವಾಗಿ ಬಿಡಿಗಾಸೂ ಇಲ್ಲ. ಬೇರೆಲ್ಲೂ ದುಡಿಯುತ್ತಿಲ್ಲ ಎಂದು ಕಟಕಟೆಯಲ್ಲಿ ಪ್ರಮಾಣ ಮಾಡಿ ಹೇಳಿದವರಿಗೆ ಮತ್ತೆ ವಾಯಿದೆ ಎಂದರೆ, ಲಲಿತಾ ಅತ್ತೆ ಹೇಳಿದ ಹೊಲಿಗೆ ಕೂಲಿಯಲ್ಲೇ ಇನ್ನಷ್ಟು ದಿನ ದೂಡಬೇಕು.

ಶ್ರೀಧರ ದೊಡ್ಡಪ್ಪ:
ನಾಳೆ ಕಾರ್ಮಿಕನ ಕಡೆಯ ಸಾಕ್ಷಿ ತಡವಾಗಿ ಬಂದರೆ ನೀನೇ ಬೇಡ ಎನ್ನುತ್ತೀಯಾ?

ವಿದ್ಯಾ:
ಎನ್ನುವುದಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಅದೇ ಕಾರ್ಖಾನೆಯಲ್ಲಿ ಸಂಬಳ ಎಣಿಸುತ್ತಿರುವ ಸಹೋದ್ಯೋಗಿ ಅದೇ ಮಾಲೀಕರ ವಿರುದ್ಧ ಬಾಯಿ ಬಿಡುವುದು ಹೇಗೆ? ಕೆಲಸ ಬಿಟ್ಟ ಮೇಲೆಯೋ ನಿವೃತ್ತನಾದ ಮೇಲೆಯೋ ಬರುತ್ತಾನೆ. ಆ ತಡಕ್ಕೆ ಕಾರಣವಿದೆ. ಇಲ್ಲಿ ಕಾವಲುಗಾರನ ಹೆಸರು ಮೊದಲ ದಿನದಿಂದ ಆರೋಪಪಟ್ಟಿಯಲ್ಲೇ ಇತ್ತು. ತಡವಾಗಿದ್ದು ಏಕೆ ಎಂಬುದನ್ನು ತೂಗದೆ ಇಬ್ಬರಿಗೂ ಒಂದೇ ಅಳತೆ ಹಿಡಿದರೆ ಏಟು ಬೀಳುವುದು ಬಡವನಿಗೇ.

ಶ್ರೀಧರ ದೊಡ್ಡಪ್ಪ:
ಕಾರಣ ತೂಗಬೇಕು ಎಂಬುದನ್ನು ಒಪ್ಪುತ್ತೇನೆ. ಕಾರಣ ಸಾಲದು ಎಂದ ಮಾತ್ರಕ್ಕೆ ಕಂಡವನ ಬಾಯಿ ಮುಚ್ಚಿಸಬೇಕು ಎಂಬುದನ್ನು ಒಪ್ಪುವುದಿಲ್ಲ.

ಮಂಜುನಾಥ:
ಅಕ್ಕ, ಈಗ ಅವರು ಏನು ಮಾಡಬೇಕು? ಹೈಕೋರ್ಟಿಗೆ ಹೋಗುವುದೇ?

ವಿದ್ಯಾ:
ಹೋಗಬಹುದು. ಆದರೆ ಅಲ್ಲಿ ತಡೆಯಾಜ್ಞೆ ಸಿಕ್ಕರೆ ಇಲ್ಲಿ ಪ್ರಕರಣ ನಿಂತೇಬಿಡುತ್ತದೆ, ಮತ್ತೆ ನಷ್ಟ ಅವರಿಗೇ. ನಾನಾಗಿದ್ದರೆ ಆಕ್ಷೇಪಣೆಯನ್ನು ದಾಖಲಿಸಿಟ್ಟು, ವಾಯಿದೆಯ ವೆಚ್ಚ ಕೇಳಿ, ಕಾವಲುಗಾರನಿಗೆ ಒಂದೇ ದಿನ ಗೊತ್ತುಪಡಿಸಿ ಎಂದು ಕೋರುತ್ತಿದ್ದೆ. ಅವನ ನಂತರ ಮರುಸಾಕ್ಷ್ಯ (ಅವನ ಮಾತನ್ನು ಅಲ್ಲಗಳೆಯುವ ಸಾಕ್ಷ್ಯ) ಕೊಡುವ ಹಕ್ಕನ್ನೂ ಕಾಯ್ದಿರಿಸಿಕೊಳ್ಳುತ್ತಿದ್ದೆ.

ಶ್ರೀಧರ ದೊಡ್ಡಪ್ಪ:
ಇನ್ನೊಂದು ವಿಷಯ ಬರೆದುಕೊಳ್ಳಿ. ಗೇಟಿನ ರಿಜಿಸ್ಟರಿನ ಮೂಲಪ್ರತಿಯನ್ನೇ ಹಾಜರುಪಡಿಸಲು ಕೇಳಿ, ನಕಲು ಬೇಡ. ಪಾಳಿ ಬದಲಾಗುವಾಗ ಹೋಗುವವನೂ ಬರುವವನೂ ಅದರಲ್ಲಿ ಸಹಿ ಹಾಕುತ್ತಾರೆ. ಆ ರಾತ್ರಿ ಇವನೇ ಗೇಟಿನಲ್ಲಿದ್ದನೇ, ತಂತಿ ಹಿಡಿದದ್ದನ್ನು ಅಂದೇ ಬರೆದಿದ್ದಾನೆಯೇ, ಸಾಲುಗಳ ನಡುವೆ ತುರುಕಿದ್ದಾರೆಯೇ ಎಂಬುದೆಲ್ಲ ಒಂದೇ ಪುಟದಲ್ಲಿ ಗೊತ್ತಾಗುತ್ತದೆ. ಸಾಕ್ಷಿ ಬರಲಿ ಎಂದು ನಾನು ಹೇಳುವುದೂ ಇದಕ್ಕೇ.

ವಿದ್ಯಾ:
ಅದನ್ನು ಇಂದೇ ಕೇಳಬೇಕು ದೊಡ್ಡಪ್ಪ, ಅವನನ್ನು ಕರೆಸಿದವರೇ ಮೊದಲು ಪ್ರಶ್ನೆ ಕೇಳುವ ಮುಖ್ಯ ವಿಚಾರಣೆಗೆ ಮುಂಚೆಯೇ. ಮಂಜು, ಅವರ ವಕೀಲರ ನಂಬರ್ ನನಗೆ ಖಾಸಗಿಯಾಗಿ ಕಳುಹಿಸು.